ಪೀಠದ ಕೆಳಗಿನ ಮೇಜು

ಬೇಲೂರು ಕೋರ್ಟಿನಲ್ಲಿ ನ್ಯಾಯಾಧೀಶರ ಪೀಠದ ಕೆಳಗೆ, ಎಡಗಡೆಗೆ, ಬೆರಳಚ್ಚುಗಾರರ ಮೇಜು ಇತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಅಲ್ಲಿಗೆ ಹೋಗಿ ಕೂತೆ. ತಲೆ ಎತ್ತಿದರೆ ನ್ಯಾಯಾಧೀಶರ ಗಲ್ಲ ಮಾತ್ರ ಕಾಣುತ್ತಿತ್ತು. ಸಾಕ್ಷಿಕಟ್ಟೆ ಮಾತ್ರ ನನ್ನ ಎದುರಿಗೇ, ಎರಡು ಮಾರು ದೂರದಲ್ಲಿ. ಅಲ್ಲಿ ನಿಂತವರು ಸುಳ್ಳು ಹೇಳುವ ಮೊದಲು ಒಮ್ಮೆ ಕಿಟಕಿಯ ಕಡೆ ನೋಡುವುದು ಬೇರೆಯವರಿಗಿಂತ ಮೊದಲು ನನಗೆ ಕಾಣುತ್ತಿತ್ತು.

ಕೆಲಸ ಸರಳ. ಸಾಕ್ಷಿ ತನ್ನ ಮಾತಿನಲ್ಲಿ ಹೇಳುತ್ತಾನೆ. ನ್ಯಾಯಾಧೀಶರು ಅದನ್ನು ಕೋರ್ಟಿನ ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಹೇಳುತ್ತಾರೆ. ನಾನು ಟೈಪ್ ಮಾಡುತ್ತೇನೆ. "ಅವ್ನು ನನ್ನ ಎದ್ರುಗೇ ಬಂದ" ಎಂದು ರೈತ ಹೇಳಿದ್ದು ಕಾಗದದ ಮೇಲೆ "ಸದರಿ ಆರೋಪಿಯು ನನ್ನ ಸಮಕ್ಷಮದಲ್ಲಿ ಬಂದಿರುತ್ತಾನೆ" ಎಂದು ಮೂಡುತ್ತಿತ್ತು. ಟೈಪಿಸ್ಟ್ ಕೇಳಿಸಿಕೊಳ್ಳಬೇಕಾದದ್ದು ಮೇಲಿನಿಂದ ಬರುವ ಮಾತನ್ನು ಮಾತ್ರ. ನನಗೆ ಎರಡೂ ಕೇಳುತ್ತಿತ್ತು. ಅದು ಅಪ್ಪನಿಂದ ಬಂದ ಚಾಳಿ. ಅಪ್ಪ ಬೇಲೂರು, ಬಿಕ್ಕೋಡು, ಅರೇಹಳ್ಳಿ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಭಾನುವಾರಗಳಂದು ನನ್ನನ್ನೂ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಹತ್ತುವವರು ತಮಿಳು ಬೆರೆಸುವರು, ಘಟ್ಟದ ಕಡೆಯವರು ತುಳು ಬೆರೆಸುವರು, ಬಯಲಿನವರದು ಇನ್ನೊಂದು ರಾಗ. "ಮಾತು ಸರ್ಯಾಗಿ ಕೇಳಿಸ್ಕೊ ಮಗಾ. ಇಲ್ದಿದ್ರೆ ಬಿಕ್ಕೋಡಿಗೆ ಟಿಕೆಟ್ ಕೇಳ್ದೋರಿಗೆ ಅರೇಹಳ್ಳಿ ಟಿಕೆಟ್ ಹರ್ದುಬಿಡ್ತೀಯ" ಎನ್ನುತ್ತಿದ್ದ.

ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಬಿಕ್ಕೋಡಿನ ಕಡೆಯ ಒಂದು ಎಸ್ಟೇಟಿನ ಕಳ್ಳತನದ ಕೇಸು ವಿಚಾರಣೆಗೆ ಬಂತು. ಗೋಡೌನಿನಿಂದ ಕಾಫಿ ಮೂಟೆಗಳು ಹೋಗಿದ್ದವು. ಆರೋಪಿ ಅಲ್ಲೇ ಕೂಲಿ ಮಾಡುತ್ತಿದ್ದ, ಎರಡು ಮಕ್ಕಳ ತಂದೆ. ಅವನದೇ ಲೈನಿನಲ್ಲಿ ವಾಸವಿದ್ದ ಒಬ್ಬ ಮುದುಕಿಯೇ ಮುಖ್ಯ ಸಾಕ್ಷಿ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಟ್ಟೆ ಹತ್ತಿದಳು. ಆವತ್ತು ಬೆಳಿಗ್ಗೆ ಗೋಡೌನ್ ಹತ್ತಿರ ಯಾರನ್ನು ನೋಡಿದೆ ಎಂದು ಸರ್ಕಾರಿ ವಕೀಲರು ಕೇಳಿದರು.

"ವತ್ತಾರೆ ಮಂಜು ಬಿದ್ದಿತ್ತು ಸೋಮಿ. ಗೋಡೌನ್ ತಾವ ಅವ್ನ ಕಂಬ್ಳಿ ಹೋಯ್ತಾ ಇತ್ತು, ಕಂಡೆ" ಎಂದಳು ಮುದುಕಿ.

ಮೇಲಿನಿಂದ ಮಾತು ಬಂತು: "ಆರೋಪಿಯು ಕಂಬಳಿ ಹೊದ್ದು ಗೋಡೌನ್ ಬಳಿ ಹೋಗುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದೆನು."

ನನ್ನ ಬೆರಳುಗಳು "ಆರೋಪಿಯು" ಎಂಬಲ್ಲಿಗೆ ನಿಂತವು. ಆರೋಪಿಯ ವಕೀಲರು ತಮ್ಮ ಮುಂದಿನ ಕೇಸಿನ ಫೈಲು ತಿರುವುತ್ತಿದ್ದರು, ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಟೈಪ್‌ರೈಟರಿನ ಸದ್ದು ನಿಂತಾಗ ಇಡೀ ಕೋರ್ಟಿಗೆ ಗೊತ್ತಾಗುತ್ತದೆ.

"ಏನಮ್ಮ, ಮೆಷಿನ್ ಕೆಟ್ಟಿತಾ?" ಎಂದರು ನ್ಯಾಯಾಧೀಶರು.

"ಇಲ್ಲ ಸಾರ್. ಆ ಅಮ್ಮ ಕಂಬಳಿ ಕಂಡೆ ಅಂದ್ರು. ಅವನನ್ನ ಕಂಡೆ ಅನ್ನಲಿಲ್ಲ."

ಸರ್ಕಾರಿ ವಕೀಲರು ಎದ್ದು, ಟೈಪಿಸ್ಟ್ ಮಾತಾಡುವ ಕ್ರಮ ಯಾವ ಕಾನೂನಿನಲ್ಲಿದೆ ಎಂದು ಕೇಳಿದರು. ನ್ಯಾಯಾಧೀಶರು ಅವರಿಗೆ ಕೂರಲು ಕೈಮಾಡಿ, ಮುದುಕಿಯ ಕಡೆ ಬಾಗಿ ತಾವೇ ಕೇಳಿದರು: "ಅದು ಅವನ ಕಂಬಳಿ ಅಂತ ನಿನಗೆ ಹೇಗೆ ಗೊತ್ತು?"

"ಕೆಂಪಂಚಿನ ಕಂಬ್ಳಿ ಸೋಮಿ. ಅವ್ನತ್ರ ಅಂಥದ್ದೇ ಐತೆ. ಧಣೇರು ಕೊಟ್ಟಿದ್ದು. ನಮ್ ಲೈನಲ್ಲಿ ಅಂಥವು ಆರವೆ."

"ಒಳಗಿದ್ದವನ ಮುಖ ನೋಡಿದೆಯಾ?"

"ಮೊಖ ಕಂಡಿದ್ರೆ ಮೊಖ ಕಂಡೆ ಅಂತಿದ್ನಲ್ಲ ಸೋಮಿ."

ನ್ಯಾಯಾಧೀಶರು ಶುರುವಾಗಿದ್ದ ಆ ಸಾಲನ್ನು ಹೊಡೆದು ಹಾಕಿಸಿ, ಮುದುಕಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಸಿದರು. ಆ ಕೇಸಿನಲ್ಲಿ ಆರೋಪಿಗೆ ಬಿಡುಗಡೆಯಾಯಿತು. ಅವನು ಕದ್ದಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಂಬಳಿಯನ್ನು ನೋಡಿ ಮನುಷ್ಯನಿಗೆ ಶಿಕ್ಷೆ ಕೊಡುವ ಹಾಗಿಲ್ಲ ಎಂಬುದಷ್ಟೇ ಗೊತ್ತು.

ಮುದುಕಿ ಸಾಕ್ಷಿ ಹೇಳಿದ ದಿನವೇ ಮಧ್ಯಾಹ್ನ ನ್ಯಾಯಾಧೀಶರ ಕೋಣೆಗೆ ಕರೆ ಬಂತು. ಕೆಲಸ ಹೋಯಿತು ಎಂದುಕೊಂಡೇ ಹೋದೆ.

"ನೋಡಮ್ಮ, ಕೋರ್ಟು ನಡೆಯುವಾಗ ಟೈಪಿಸ್ಟ್ ಬಾಯಿ ಬಿಡಬಾರದು. ಚೀಟಿ ಬರೆದು ಕೊಡಬೇಕು. ಇದು ಮೊದಲನೇ ಮಾತು" ಎಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎರಡನೇ ಮಾತು. ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೀನಿ. ಸಾಕ್ಷಿ ಬಾಯಿ ತೆಗೆಯೋಕೆ ಮುಂಚೆನೇ ಏನು ಹೇಳ್ತಾರೆ ಅಂತ ನನಗೆ ಗೊತ್ತು ಅಂದ್ಕೊಂಡುಬಿಟ್ಟಿದ್ದೆ. ಏನು ಓದಿದ್ದೀಯ ನೀನು?"

"ಬಿ.ಎ. ಸಾರ್."

"ಲಾ ಓದು."

"ನಾನಾ ಸಾರ್?"

"ಈ ರೂಮಲ್ಲಿ ಇನ್ಯಾರಿದ್ದಾರೆ?"

ಆ ಮಾತನ್ನು ನಾನು ಯಾರಿಗೂ ಹೇಳದೆ ಇಟ್ಟುಕೊಂಡೆ. ಆ ವರ್ಷದ ಕೊನೆಗೆ ಅವರಿಗೆ ವರ್ಗವಾಯಿತು. ನನಗೆ ಮದುವೆ ಗೊತ್ತಾಯಿತು.

ಗಂಡಿನ ಮನೆ ಅರಸೀಕೆರೆಯಲ್ಲಿ, ಮಾಲೇಕಲ್ಲಿಗೆ ಹೋಗುವ ದಾರಿಯಲ್ಲಿ ತೆಂಗಿನ ತೋಟ. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ತೋಟವನ್ನೂ ಮಗನನ್ನೂ ಬೆಳೆಸಿದವರು ಅತ್ತೆ. ಹೆಣ್ಣು ನೋಡಲು ಬಂದ ದಿನ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದಲ್ಲಿದ್ದವರಿಗೆ ನನಗೂ ಕೇಳುವ ಹಾಗೆ ಹೇಳಿದ್ದರು: "ಬಣ್ಣ ಒಂಚೂರು ಕಮ್ಮಿ. ಆದ್ರೇನು, ಸರ್ಕಾರಿ ಕೆಲಸ ಐತೆ."

ಮದುವೆಯಾದ ಮೇಲೆ ಅರಸೀಕೆರೆ ಕೋರ್ಟಿಗೆ ವರ್ಗ ಮಾಡಿಸಿಕೊಂಡೆ. ಅಲ್ಲಿಯೂ ಅದೇ ಮೇಜು, ಅದೇ ಸದ್ದು. ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ ಯಜಮಾನರು ತೋಟದಲ್ಲಿ ಕಾಯಿ ಸುಲಿಯುತ್ತಿದ್ದಾಗ ಹೋಗಿ ಎದುರಿಗೆ ಕೂತು ಹೇಳಿದೆ. ಕೆಲಸ ಬಿಟ್ಟು ಲಾ ಓದಬೇಕು ಅಂತ ಇದೆ ಎಂದೆ.

ಅವರು ಕೈ ನಿಲ್ಲಿಸಲಿಲ್ಲ. "ಎಷ್ಟು ವರ್ಷದ ಓದು?"

"ಮೂರು."

"ತೆಂಗಿನ ಸಸಿ ಫಲ ಬಿಡೋಕೆ ಏಳು ವರ್ಷ ಬೇಕು. ಅದಕ್ಕಿಂತ ವಾಸಿ." ಇನ್ನೊಂದು ಕಾಯಿ ಎತ್ತಿಕೊಂಡರು. "ಅವ್ವಂಗೆ ಮಾತ್ರ ನೀನೇ ಹೇಳು."

ಮರುದಿನ ಬೆಳಿಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಹೊರಗೆ ಬಂದಾಗ ಹೇಳಿದೆ. ಅವರು ಮೊದಲು ನನ್ನ ಮುಖ ನೋಡಿದರು, ಜ್ವರ ಬಂದಿದೆಯೋ ಎಂಬಂತೆ.

"ಸರ್ಕಾರಿ ಕೆಲಸ ಬಿಟ್ಟೋರ್ನ ಈ ತಾಲೂಕಲ್ಲಿ ಯಾರ್ನಾದ್ರೂ ಕಂಡಿದ್ದೀಯೇನೇ? ಸಸ್ಪೆಂಡ್ ಆದೋರ್ನ ನಾನ್ ಕಂಡಿದ್ದೀನಿ. ಸತ್ತೋರ್ನ ಕಂಡಿದ್ದೀನಿ. ತಾನಾಗ್ ತಾನೇ ಬಿಟ್ಟೋರ್ನ ಕಂಡಿಲ್ಲ ಕಣೇ!"

ಆಮೇಲೆ ನನ್ನೊಡನೆ ಮಾತು ಬಿಟ್ಟರು. ನಾನು ರಾಜೀನಾಮೆ ಕೊಟ್ಟೆ, ಹಾಸನದ ಕಾಲೇಜಿಗೆ ಸೇರಿದೆ. ದಿನಾ ಬೆಳಗಿನ ರೈಲು. ಅತ್ತೆ ಮಾತಾಡುತ್ತಿರಲಿಲ್ಲ ನಿಜ, ಆದರೆ ಬೆಳಿಗ್ಗೆ ಐದಕ್ಕೆ ಸರಿಯಾಗಿ ನಮ್ಮ ಕೋಣೆಯ ಬಾಗಿಲ ಹತ್ತಿರ ಬಂದು ಪಾತ್ರೆಗಳನ್ನು ಒಂದಕ್ಕೊಂದು ಕುಟ್ಟುತ್ತಿದ್ದರು. ಒಂದು ದಿನವೂ ನನಗೆ ರೈಲು ತಪ್ಪಲಿಲ್ಲ. ಎರಡನೆಯ ವರ್ಷ ಮಗಳು ಹುಟ್ಟಿದಳು. ಅವಳನ್ನು ಎತ್ತಿಕೊಂಡ ಮೇಲೆ ಅತ್ತೆಗೆ ಮೌನ ಸಾಧ್ಯವಾಗಲಿಲ್ಲ. "ನಿಮ್ಮವ್ವ ಓದ್ಲಿ ಬಿಡು, ನಿನ್ನ ನಾನ್ ಸಾಕ್ತೀನಿ" ಎಂದು ಕೂಸಿಗೆ ಹೇಳುತ್ತಾ ನನಗೆ ಹೇಳಿದರು.

ವಕೀಲಿಕೆ ಶುರು ಮಾಡಿದ್ದು ಅರಸೀಕೆರೆಯ ಒಬ್ಬ ಹಿರಿಯ ವಕೀಲರ ಕೈಕೆಳಗೆ. ಅವರ ಆಫೀಸು ಕೊಬ್ಬರಿ ಮಂಡಿಯೊಂದರ ಮಹಡಿಯ ಮೇಲಿತ್ತು. ಅಲ್ಲಿನ ಕಾನೂನು ಪುಸ್ತಕಗಳೆಲ್ಲ ಕೊಬ್ಬರಿಯ ವಾಸನೆ ಹೊಡೆಯುತ್ತಿದ್ದವು. ಮೊದಲ ವರ್ಷ ಅವರು ನನ್ನಿಂದ ಓದಿಸಿದ್ದೇ ಓದಿಸಿದ್ದು. "ಕೇಸು ಗೆಲ್ಲೋದು ಕೋರ್ಟಲ್ಲಿ ಅಲ್ಲಮ್ಮ, ಹಿಂದಿನ ದಿನ ಈ ಮೇಜಿನ ಮೇಲೆ" ಎನ್ನುವರು. ಕೋರ್ಟಿನಲ್ಲಿ ಮಾತ್ರ ನನಗೆ ಒಂದು ಅಡ್ಡಹೆಸರು ಬಿದ್ದಿತ್ತು: ಟೈಪಿಸ್ಟ್ ಮೇಡಂ. ಎದುರು ವಕೀಲರೊಬ್ಬರು ತುಂಬಿದ ಕೋರ್ಟಿನಲ್ಲಿ, "ಮೇಡಮ್ಮೋರು ಟೈಪ್ ಚೆನ್ನಾಗಿ ಮಾಡ್ತಾರೆ. ವಾದ ಮಾಡೋದು ಬೇರೆ ವಿದ್ಯೆ" ಎಂದು ನಗಿಸಿದ್ದುಂಟು.

ಅವರೇ ಎದುರಿಗಿದ್ದ ಒಂದು ಪಾಲಿನ ದಾವೆಯಲ್ಲಿ ಆ ನಗು ನಿಂತಿತು. ನನ್ನ ಕಕ್ಷಿದಾರಳು ಒಬ್ಬ ಅಕ್ಕ. ತಮ್ಮಂದಿರು ತೋಟದಲ್ಲಿ ಪಾಲು ಕೊಡುವುದಿಲ್ಲ ಎಂದಿದ್ದರು. ಅಕ್ಕ ಇಪ್ಪತ್ತೈದು ವರ್ಷದ ಹಿಂದೆಯೇ ತನ್ನ ಪಾಲು ಬೇಡವೆಂದು ಬರೆದುಕೊಟ್ಟಿದ್ದಾಳೆ ಎಂದು ಒಂದು ಕಾಗದ ಹಾಜರು ಮಾಡಿದರು. ಹಳದಿ ಬಣ್ಣಕ್ಕೆ ತಿರುಗಿದ ಕಾಗದ, ಕೆಳಗೆ ಅಕ್ಕನ ಹೆಬ್ಬೆಟ್ಟು. ತಾನು ಅಂಥದ್ದಕ್ಕೆ ಹೆಬ್ಬೆಟ್ಟು ಒತ್ತಿಯೇ ಇಲ್ಲ ಎಂದು ಅಕ್ಕ ಅಳುತ್ತಿದ್ದಳು. ನಾನು ಆ ಕಾಗದವನ್ನು ಹಿಡಿದು ಎರಡು ದಿನ ನೋಡಿದೆ. ಏನೋ ಸರಿಯಿಲ್ಲ ಎಂದು ಕಣ್ಣು ಹೇಳುತ್ತಿತ್ತು, ಏನೆಂದು ಹೇಳುತ್ತಿರಲಿಲ್ಲ. ಮೂರನೆಯ ದಿನ ಅನ್ನಕ್ಕೆ ನೀರಿಡುವಾಗ ಹೊಳೆಯಿತು.

ಆ ಕಾಗದ ಬರೆದುಕೊಟ್ಟೆ ಎಂದ ಪತ್ರಬರಹಗಾರ ಸಾಕ್ಷಿಕಟ್ಟೆಗೆ ಬಂದಾಗ ಕೇಳಿದೆ: "ಇದನ್ನ ಯಾವುದರಲ್ಲಿ ಟೈಪ್ ಮಾಡಿದಿರಿ?"

"ಟೈಪ್‌ರೈಟರಲ್ಲಿ. ಆಗೆಲ್ಲಿತ್ತು ಕಂಪ್ಯೂಟರು?"

"ಸರಿ. ಟೈಪ್‌ರೈಟರಲ್ಲಿ ಒಂದೊಂದು ಅಕ್ಷರಕ್ಕೂ ಕಾಗದ ಹಿಡಿದಿರೋ ಗಾಡಿ ಒಂದೇ ಅಳತೆ ಸರಿಯುತ್ತೆ ಅಲ್ವಾ? ಸಾಲಿನ ಕೊನೆಗಳು ಒಂದು ಉದ್ದ, ಒಂದು ಗಿಡ್ಡ ಆಗುತ್ತವೆ."

"ಹೌದು."

"ಇದರಲ್ಲಿ ಇಪ್ಪತ್ತೆಂಟು ಸಾಲಿವೆ. ಎಡ ಅಂಚೂ ನೇರ, ಬಲ ಅಂಚೂ ನೇರ, ನೂಲು ಹಿಡಿದ ಹಾಗೆ. ಆರು ವರ್ಷ ಟೈಪ್ ಮಾಡಿದೀನಿ ನಾನು. ಒಂದು ದಿನವೂ ನನ್ನ ಬಲ ಅಂಚು ಹೀಗೆ ಬರಲಿಲ್ಲ. ನಿಮ್ಮದು ಯಾವ ಮೆಷಿನ್ನು ಹೇಳಿ, ನಾನೂ ನೋಡ್ತೀನಿ."

ಅವನು ಕಿಟಕಿಯ ಕಡೆ ನೋಡಿದ. ಅರ್ಧ ಗಂಟೆಯಲ್ಲಿ ಒಪ್ಪಿಕೊಂಡ: ಕಾಗದ ತಯಾರಾದದ್ದು ಹಿಂದಿನ ವರ್ಷ, ಕಂಪ್ಯೂಟರಿನಲ್ಲಿ, ಹಳದಿ ಬಣ್ಣ ಬಂದದ್ದು ಟೀ ಡಿಕಾಕ್ಷನ್ನಿನಿಂದ, ಹೆಬ್ಬೆಟ್ಟು ಅಕ್ಕನದಲ್ಲ. ಅಕ್ಕನಿಗೆ ಪಾಲು ಸಿಕ್ಕಿತು. ಟೈಪಿಸ್ಟ್ ಮೇಡಂ ಎಂಬ ಹೆಸರು ಉಳಿಯಿತು, ಆದರೆ ಜನ ಅದನ್ನು ಕೇಳಿಕೊಂಡು ನನ್ನ ಆಫೀಸು ಹುಡುಕಿ ಬರತೊಡಗಿದರು.

ಹೀಗೆ ಹನ್ನೆರಡು ವರ್ಷ. ಒಂದು ದಿನ ನನ್ನ ಸೀನಿಯರ್ ಕಣ್ಣಿಗೆ ಹತ್ತಿರ ಹಿಡಿದು ಒಂದು ಪ್ರಕಟಣೆ ಓದುತ್ತಿದ್ದರು. "ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಕರೆದಿದ್ದಾರೆ. ಅರ್ಜಿ ಹಾಕಮ್ಮ" ಎಂದರು. ಏಳು ವರ್ಷಕ್ಕಿಂತ ಹೆಚ್ಚು ವಕೀಲಿಕೆ ಮಾಡಿದವರು ಕೆಳಗಿನ ಮೆಟ್ಟಿಲು ಹತ್ತದೆ ಒಂದೇ ಸಲಕ್ಕೆ ಜಿಲ್ಲಾ ನ್ಯಾಯಾಧೀಶರಾಗಬಹುದು. ಮೊದಲು ಒಂದು ಜರಡಿ ಪರೀಕ್ಷೆ, ಆಮೇಲೆ ತೀರ್ಪು ಬರೆಯುವುದೂ ಸೇರಿದ ದೊಡ್ಡ ಪರೀಕ್ಷೆ, ಕೊನೆಗೆ ಹೈಕೋರ್ಟಿನ ನ್ಯಾಯಮೂರ್ತಿಗಳ ಎದುರು ಸಂದರ್ಶನ. ಕೊಲೆ ಕೇಸಿನ ವಿಚಾರಣೆ ನಡೆಸುವ ಕುರ್ಚಿ ಅದು. ನಗು ಬಂತು ನನಗೆ. ಅವರು ನಗಲಿಲ್ಲ.

ಮೊದಲ ಸಲ ಎರಡೂ ಪರೀಕ್ಷೆ ದಾಟಿ ಸಂದರ್ಶನದವರೆಗೆ ಹೋದೆ. ಬೆಂಗಳೂರಿನ ಆ ದೊಡ್ಡ ಕೋಣೆಯಲ್ಲಿ ನ್ಯಾಯಮೂರ್ತಿಗಳು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಉತ್ತರ ಗೊತ್ತಿತ್ತು, ವಾಕ್ಯ ಮಾತ್ರ ಹೊರಡಲಿಲ್ಲ. ಹೊರಟ ವಾಕ್ಯ ಅರ್ಧಕ್ಕೆ ನಿಂತಿತು. ಬೇರೆಯವರ ಮಾತನ್ನು ಎಷ್ಟೊಂದು ವರ್ಷ ತಪ್ಪಿಲ್ಲದೆ ಟೈಪ್ ಮಾಡಿದವಳಿಗೆ ಸ್ವಂತದ ಎರಡು ಮಾತು ಬರಲಿಲ್ಲ. ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಆವತ್ತು ಮನೆಯ ಜಗಲಿಯಲ್ಲಿ ಕೂತು ಅತ್ತೆಯೆದುರು ಮೊದಲ ಬಾರಿಗೆ ಅತ್ತುಬಿಟ್ಟೆ. ಇನ್ನು ಸಾಕು, ವಕೀಲಿಕೆಯೇ ಸಾಕು ಎಂದೆ. ಅತ್ತೆ ಎಲೆ ಅಡಿಕೆ ಮೆಲ್ಲುತ್ತಾ ಕೇಳಿಸಿಕೊಂಡರು.

"ಒಂದ್ ಸಲ ತೆಂಗಿನ ಎಳೇ ಹರಳು ಉದುರಿದ್ರೆ ಯಾರಾದ್ರೂ ಮರ ಕಡೀತಾರೇನೇ? ಬುಡಕ್ಕೆ ಗೊಬ್ರ ಹಾಕ್ತಾರೆ. ಏಳು, ಮೊಖ ತೊಳ್ಕೊ."

ಎರಡು ವರ್ಷ ಬಿಟ್ಟು ಮತ್ತೆ ಕರೆದರು. ವಯಸ್ಸಿನ ಮಿತಿ ಮುಗಿಯುತ್ತಾ ಬಂದಿತ್ತು, ಇದೇ ಕೊನೆಯ ಅವಕಾಶ. ಈ ಸಲ ಗೊಬ್ಬರ ಹಾಕಿದೆ. ಕಾಲೇಜಿಗೆ ಹೋಗುತ್ತಿದ್ದ ಮಗಳು ದಿನಾ ಸಂಜೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವಳು. ಯಜಮಾನರು ಪಕ್ಕದಲ್ಲಿ ಕೂತು ಒಂದಕ್ಷರ ಅರ್ಥವಾಗದಿದ್ದರೂ, "ಇವತ್ತು ನಿನ್ನೆಗಿಂತ ಜೋರಾಗಿ ಹೇಳ್ದೆ" ಎನ್ನುವರು.

ಸಂದರ್ಶನದ ಕೋಣೆ ಅದೇ. ಮೊದಲ ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲೇ ತಡವರಿಸದೆ ಉತ್ತರಿಸಿದೆ. ಆಮೇಲೆ ನಡುವೆ ಕೂತಿದ್ದ ನ್ಯಾಯಮೂರ್ತಿಗಳು, ನಿಮ್ಮ ಕಡೆ ಯಾವ ವ್ಯಾಜ್ಯ ಹೆಚ್ಚು ಎಂದು ಕೇಳಿದರು. ತೆಂಗಿನ ಮರದ್ದು ಎಂದೆ. ಎಲ್ಲರೂ ನಕ್ಕರು.

ಬಲಗಡೆ ಇದ್ದವರು ಬಿಡಲಿಲ್ಲ. ಮರದ ಬುಡ ಒಬ್ಬನ ಹೊಲದಲ್ಲಿ, ತಲೆ ಬಾಗಿರುವುದು ಪಕ್ಕದವನ ಹೊಲದ ಮೇಲೆ; ಕಾಯಿ ಯಾರಿಗೆ? ಬುಡ ಇರುವವನಿಗೆ ಎಂದೆ. ಪಕ್ಕದವನು ತನಗೆ ತೊಂದರೆಯಾದರೆ ಅದನ್ನು ನಿವಾರಿಸಿ ಎಂದು ಕೇಳಬಹುದು, ಕಾಯಿ ಕಿತ್ತುಕೊಳ್ಳುವ ಹಾಗಿಲ್ಲ. "ಹಾಗಾದರೆ ಇದು ಅರ್ಧ ಗಂಟೆಯ ಕೇಸು. ನಿಮ್ಮ ತಾಲೂಕಿನಲ್ಲಿ ಇಂಥದ್ದು ವರ್ಷಗಟ್ಟಲೆ ಯಾಕೆ ನಡೆಯುತ್ತದೆ?" ಎಂದರು.

"ಇದೊಂದಕ್ಕೆ ಕನ್ನಡದಲ್ಲಿ ಉತ್ತರ ಹೇಳಬಹುದೇ?" ಎಂದು ಕೇಳಿದೆ.

"ಹೇಳಿ" ಎಂದರು ನಡುವಿನವರು, ಕನ್ನಡದಲ್ಲಿ.

"ಮರ ಬಾಗಿ ಮೂವತ್ತು ವರ್ಷ ಆಗಿರುತ್ತೆ ಸ್ವಾಮಿ. ಇಷ್ಟು ದಿನ ಸುಮ್ಮನಿದ್ದವರು ಈಗ ಯಾಕೆ ದಾವೆ ಹಾಕಿದರು ಅಂತ ವಿಚಾರಿಸಿದರೆ, ಅಕ್ಕಪಕ್ಕದ ಹೊಲದವರು ಅಣ್ಣತಮ್ಮಂದಿರೇ ಆಗಿರ್ತಾರೆ, ಅಣ್ಣ ಗೃಹಪ್ರವೇಶಕ್ಕೆ ತಮ್ಮನನ್ನ ಕರೆದಿರೋದಿಲ್ಲ. ಅದನ್ನ ದಾವೆಯಲ್ಲಿ ಬರೆಯೋಕೆ ಬರೋದಿಲ್ಲ. ಅದಕ್ಕೆ ಮರ ಅಂತ ಬರೀತಾರೆ."

ಈ ಸಲ ಯಾರೂ ನಗಲಿಲ್ಲ. "ನ್ಯಾಯಾಧೀಶರಾಗಿ ನೀವೇನು ಮಾಡ್ತೀರಿ?" ಎಂದರು ನಡುವಿನವರು.

"ತೀರ್ಪನ್ನ ಕಾನೂನಿನ ಪ್ರಕಾರವೇ ಬರೀತೀನಿ. ಬರೆಯೋಕೆ ಮುಂಚೆ ಒಂದು ದಿನ ಇಬ್ಬರನ್ನೂ ಎದುರಾ ಎದುರು ಕೂರಿಸಿ ಮಾತಾಡಿಸ್ತೀನಿ. ಆಮೇಲೂ ಮರನೇ ಬೇಕು ಅಂದರೆ, ಮರದ ತೀರ್ಪು ಕೊಡ್ತೀನಿ."

ನಡುವಿನವರು ಏನೋ ಬರೆದುಕೊಂಡು, ಆಯಿತು ಎಂದರು. ಹೊರಗೆ ಬಂದಾಗ ಪಾಸೋ ಫೇಲೋ ಗೊತ್ತಿರಲಿಲ್ಲ. ಆದರೆ ಮೆಟ್ಟಿಲು ಇಳಿಯುವಾಗ ಮೈ ಹಗುರವಾಗಿತ್ತು. ಹೇಳಬೇಕಾದದ್ದನ್ನು ಹೇಳಿ ಬಂದಿದ್ದೆ.

ಫಲಿತಾಂಶ ಬಂದ ದಿನ ನಾನು ಹಳೇಬೀಡಿನ ಕೆರೆಯಾಚೆಗಿನ ಒಂದು ಹೊಲದಲ್ಲಿದ್ದೆ. ದಾಯಾದಿಗಳಿಬ್ಬರ ನಡುವೆ ಬದುವಿನ ಜಗಳ. ಜಾಗವನ್ನು ಖುದ್ದು ನೋಡಿ ವರದಿ ಕೊಡಲು ಬೇಲೂರು ಕೋರ್ಟು ನನ್ನನ್ನು ಕಮಿಷನರ್ ಆಗಿ ನೇಮಿಸಿತ್ತು. ಸರ್ವೆಯವರು ಅಳತೆಯ ಟೇಪು ಎಳೆಯುತ್ತಿದ್ದರು; ದಾಯಾದಿಗಳು ಟೇಪಿನ ಒಂದೊಂದು ತುದಿಗೂ ನಿಂತು ಕೂಗಾಡುತ್ತಿದ್ದರು. ತಗ್ಗಿನಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಬದುವಿನ ಮೇಲಕ್ಕೆ ಹತ್ತಿದ ಕೂಡಲೇ ಅದು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಸೀನಿಯರ್.

"ಎಲ್ಲಿದ್ದೀಯಮ್ಮ?" ಯಾವಾಗಲೂ ಅಳೆದು ತೂಗಿ ಪುಸ್ತಕದ ಕನ್ನಡ ಮಾತಾಡುವವರು ಅವರು. ಆವತ್ತು ಅವರ ಊರಿನ ಮಾತು ಹೊರಗೆ ಬಂತು. "ಪಟ್ಟೀಲಿ ನಿನ್ ಹೆಸ್ರೈತೆ ಕಣವ್ವ! ಐತೆ! ನಾನೇ ಕಣ್ಣಾರೆ ನೋಡ್ದೆ!"

ಬದುವಿನ ಮೇಲೇ ಕೂತುಬಿಟ್ಟೆ. ಜಗಳ ನಿಂತಿತು. ದಾಯಾದಿಗಳಿಬ್ಬರೂ ಓಡಿ ಬಂದರು. "ಯಾಕ್ ಮೇಡಮ್ಮೋರೆ, ಏನಾಯ್ತು? ಯಾರಾದ್ರೂ ಹೋಗ್ಬಿಟ್ರಾ?"

"ಇಲ್ಲಪ್ಪ. ನಾನು ಜಿಲ್ಲಾ ಜಡ್ಜ್ ಆದೆ."

ಒಬ್ಬ ಟವೆಲ್ ತೆಗೆದು ಕೈಮುಗಿದ. ಇನ್ನೊಬ್ಬ ಆಗಲೇ ಓಡಿಹೋಗಿ ಒಂದು ಎಳನೀರು ಕೆತ್ತಿ ತಂದಿದ್ದ. ಮೊದಲನೆಯವನು ಅಡ್ಡ ನಿಂತ. "ಕುಡೀಬ್ಯಾಡಿ ಮೇಡಮ್ಮೋರೆ! ಆ ಮರನೂ ಕೇಸಲ್ಲೈತೆ!"

ಕಮಿಷನರ್ ಆದವಳು ಯಾರ ಕಡೆಯದನ್ನೂ ಕುಡಿಯುವ ಹಾಗಿರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನನ್ನ ಬಾಟಲಿಯ ನೀರನ್ನೇ ಕುಡಿದೆ. ಆಮೇಲೆ ಅಳತೆ ಮುಗಿಸಿ, ಇಬ್ಬರ ಸಹಿಯನ್ನೂ ಹಾಕಿಸಿಕೊಂಡೇ ಅಲ್ಲಿಂದ ಎದ್ದೆ.

ಮನೆಗೆ ಬಂದರೆ ಅಂಗಳದಲ್ಲಿ ಅರ್ಧ ಬೀದಿ ಸೇರಿತ್ತು. ಅತ್ತೆ ನಡುವೆ ಕೂತು ಎಲ್ಲರಿಗೂ ಸಕ್ಕರೆ ಹಂಚುತ್ತಿದ್ದರು. ನನ್ನ ಬಾಯಿಗೂ ಒಂದು ಹಿಡಿ ತುರುಕಿ, "ಅಂತೂ ಮತ್ತೆ ಸರ್ಕಾರಿ ಕೆಲಸ ಸಿಕ್ತು ಅನ್ನು. ಬಿಟ್ಟಿದ್ಯಾಕೆ, ಹಿಡ್ದಿದ್ಯಾಕೆ!" ಎಂದರು. ಬೇಲೂರಿನಿಂದ ಅಪ್ಪ ಬಸ್ಸು ಹತ್ತಿ ಬಂದ. ನಿವೃತ್ತನಾಗಿ ಎಷ್ಟೋ ವರ್ಷವಾಗಿದ್ದರೂ ಆವತ್ತಿನ ಕಂಡಕ್ಟರ್‌ಗೆ ವಿಷಯ ಹೇಳಿ, ಅವನು ಬಸ್ಸಿನಲ್ಲಿದ್ದವರಿಗೆಲ್ಲ ಹೇಳಿ, ಅಪ್ಪ ಇಳಿಯುವ ಹೊತ್ತಿಗೆ ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತಂತೆ.

ನನಗೆ ಲಾ ಓದು ಎಂದಿದ್ದ ನ್ಯಾಯಾಧೀಶರು ನಿವೃತ್ತರಾಗಿ ಮೈಸೂರಿನಲ್ಲಿದ್ದರು. ನಂಬರು ಹುಡುಕಿ ಫೋನ್ ಮಾಡಿದೆ. ನಾನು ಯಾರು, ಆವತ್ತು ಏನಾಯಿತು, ಎಲ್ಲ ಹೇಳಿದೆ. ಅವರಿಗೆ ಒಂದೂ ನೆನಪಿರಲಿಲ್ಲ.

"ಹಾಗೆ ಹೇಳಿದ್ನಾ ನಾನು? ಲಾ ಓದು ಅಂತ ಎಷ್ಟು ಜನಕ್ಕೆ ಹೇಳಿದೀನೋ ಏನೋ. ನಿಜವಾಗಿ ಓದಿದ್ದು ನೀನೊಬ್ಬಳೇ ಇರಬೇಕು" ಎಂದು ನಕ್ಕರು. ಆಮೇಲೆ, "ಒಂದು ಮಾತು ಹೇಳಲಾ? ಊಟ ಆದ ಮೇಲಿನ ಹೊತ್ತಿನಲ್ಲಿ ತೀರ್ಪು ಬರೆಸಬೇಡ. ನಿದ್ದೆ ಬರುತ್ತೆ" ಎಂದರು. ಅದನ್ನು ನಾನು ಇಂದಿಗೂ ಪಾಲಿಸುತ್ತೇನೆ.

ಪಟ್ಟಿ ಬಂದ ಮೇಲೆ ಆದೇಶ ಬರಲು ತಿಂಗಳುಗಳೇ ಹಿಡಿದವು. ಪೊಲೀಸರು ಬಂದು ನನ್ನ ನಡತೆಯ ಬಗ್ಗೆ ಅಕ್ಕಪಕ್ಕದವರನ್ನು ವಿಚಾರಿಸಿದರು. ಒಬ್ಬ ಪೇದೆ ವಿಚಾರಿಸಲು ಹೋದದ್ದು ನಮ್ಮ ಅತ್ತೆಯನ್ನೇ, ಅವರು ಅವನನ್ನು ಒಂದು ಗಂಟೆ ಕೂರಿಸಿಕೊಂಡರು. ಕೊನೆಗೆ ರಾಜ್ಯಪಾಲರ ಹೆಸರಿನಲ್ಲಿ ನೇಮಕದ ಆದೇಶ ಬಂತು. ನನ್ನ ಕೈಯಲ್ಲಿದ್ದ ಕೇಸುಗಳನ್ನು ಕಿರಿಯರಿಗೆ ಹಂಚಿದೆ. ಅರಸೀಕೆರೆಯ ವಕೀಲರು ಬೀಳ್ಕೊಡುಗೆ ಇಟ್ಟುಕೊಂಡರು. ಹಿಂದೆ ನನ್ನನ್ನು ಗೇಲಿಮಾಡಿ ಎಲ್ಲರನ್ನೂ ನಗಿಸಿದವರೇ ಹಾರ ಹಾಕಿ, "ಟೈಪಿಸ್ಟ್ ಮೇಡಂ ಅಂದದ್ದು ನಾನೇ. ಈಗ ವಾಪಸ್ ತಗೊಳ್ತೀನಿ" ಎಂದರು. ಬೇಡಿ, ಅದು ನನ್ನದೇ ಹೆಸರು, ಇರಲಿ ಎಂದೆ.

ತರಬೇತಿ ಮುಗಿದ ಮೇಲೆ ಉತ್ತರದ ಒಂದು ಜಿಲ್ಲೆಗೆ ಹಾಕಿದರು. ಅರಸೀಕೆರೆ ಸ್ಟೇಷನ್ನಿನಿಂದ ಎಲ್ಲರೂ ರೈಲು ಹತ್ತಿದೆವು. ಅಧಿಕಾರ ವಹಿಸಿಕೊಂಡ ದಿನ ಯಜಮಾನರೂ ಅತ್ತೆಯೂ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಒಳಗೆ ನಡೆದದ್ದನ್ನು ಆಮೇಲೆ ಯಜಮಾನರು ಹೇಳಿದರು. ನಾನು ಬರುವ ಮುಂಚೆ ಜವಾನ ಬಂದು, "ಎಲ್ಲಾರೂ ಎದ್ದ ನಿಂದರ್ರಿ, ಸಾಹೇಬ್ರು ಬರಾಕತ್ತಾರ" ಎಂದನಂತೆ. ಅತ್ತೆ ಕೂತೇ ಇದ್ದರಂತೆ.

"ಅಮ್ಮಾರ, ನೀವೂ ಏಳ್ರಿ."

"ನನ್ ಮಂಡಿ ನೋವು ಅವ್ಳಿಗೆ ಗೊತ್ತೈತೆ ಕಣಪ್ಪ. ನಾನ್ ಅವ್ಳ ಅತ್ತೆ."

ಜವಾನ ಏನು ಮಾಡಬೇಕೆಂದು ತಿಳಿಯದೆ ಹೋದನಂತೆ. ನಾನು ಪೀಠದ ಹಿಂದಿನ ಬಾಗಿಲಿನಿಂದ ಒಳಗೆ ಬಂದೆ. ಮೂರು ಮೆಟ್ಟಿಲು. ಕಪ್ಪು ಕೋಟುಗಳ ಸಾಲು ಎದ್ದು ನಿಂತಿತು. ನಾನು ಎಲ್ಲರಿಗೂ ಕೈಮುಗಿದೆ. ಮುಗಿದ ಕೈಯಾಚೆ, ಕೊನೆಯ ಸಾಲಿನಲ್ಲಿ, ಮುಂದಿನ ಬೆಂಚಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತೆ ನಿಧಾನವಾಗಿ ಏಳುತ್ತಿದ್ದರು. ಪೂರ್ತಿ ನೆಟ್ಟಗೆ ನಿಂತು, ಸೆರಗು ಸರಿಮಾಡಿಕೊಂಡರು. ಅವರು ನಿಲ್ಲುವವರೆಗೂ ನಾನು ಕೂರಲಿಲ್ಲ. ವಕೀಲರಿಗೆ ಕಾರಣ ಗೊತ್ತಾಗಿರಲಾರದು. ಹೊಸಬರು, ಗಾಬರಿಯಾಗಿರಬೇಕು ಎಂದುಕೊಂಡಿರಬಹುದು. ಗಾಬರಿ ಎಳ್ಳಷ್ಟೂ ಇರಲಿಲ್ಲ. ಎದೆ ತುಂಬಿತ್ತು. ಈ ಕುರ್ಚಿಗೆ ನಾನು ದಾರಿತಪ್ಪಿ ಬಂದವಳಲ್ಲ, ನಡೆದೇ ಬಂದವಳು ಎಂದು ಆ ಕ್ಷಣ ಖಚಿತವಾಗಿ ಗೊತ್ತಿತ್ತು. ಮೊದಲ ಕೇಸು ಕೂಗಿಸಿದೆ.

ಸಂಜೆ ಕ್ವಾರ್ಟರ್ಸಿನಲ್ಲಿ ಅತ್ತೆ ಕಾಲು ಚಾಚಿಕೊಂಡು ಕೂತಿದ್ದರು. ಪಕ್ಕದ ಮನೆಯವರು ಕೊಟ್ಟ ಜೋಳದ ರೊಟ್ಟಿಯನ್ನು ಮುರಿದು ನೋಡುತ್ತಾ, ಇದನ್ನು ಹಲ್ಲಿಲ್ಲದವರು ತಿನ್ನುವುದು ಹೇಗೆ ಎಂದು ಯೋಚಿಸುತ್ತಿದ್ದರು.

"ಇವತ್ತು ಯಾರಿಗಾದ್ರೂ ಶಿಕ್ಷೆ ಕೊಟ್ಟೇನೆ?"

"ಇಲ್ಲ ಅತ್ತೆ. ಇಬ್ಬರಿಗೆ ಜಾಮೀನು ಕೊಟ್ಟೆ. ಮೂರು ಕೇಸು ಮುಂದಕ್ಕೆ ಹಾಕಿದೆ."

"ಮುಂದಕ್ಕೆ ಹಾಕೋಕೆ ಇಷ್ಟೆಲ್ಲ ಓದ್ಬೇಕಿತ್ತಾ?"

ಯಜಮಾನರು ಬಾಗಿಲ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದರು. ನಾನೂ ನಕ್ಕೆ. "ನಾಳೆ ಕೊಲೆ ಕೇಸಿನ ವಿಚಾರಣೆ ಶುರು ಅತ್ತೆ. ಸಾಕ್ಷಿಗಳು ಬರ್ತಾರೆ."

ಅತ್ತೆ ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡು, ಚೆನ್ನಾಗಿದೆ ಎನ್ನುವಂತೆ ತಲೆ ಆಡಿಸಿದರು. "ಹಂಗಾದ್ರೆ ಮಾತಾಡ್ತಾ ಕೂರ್ಬೇಡ. ಹೋಗಿ ಫೈಲು ಓದ್ಕೊ" ಎಂದರು.